ಬೆಂಗಳೂರು–ಮಂಗಳೂರು: ವಿಮಾನವೋ, ಕಾರೋ, ರಾತ್ರಿ ಬಸ್ಸೋ?

ಬೆಂಗಳೂರಿಂದ ಮಂಗಳೂರಿಗೆ ವಿಮಾನದಲ್ಲಿ ಒಂದು ಗಂಟೆ, ಕಾರಲ್ಲಿ ಏಳು ಗಂಟೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮನೆಗೆ ಬೀಗ ಹಾಕಿದಾಗಿನಿಂದ ಕದ್ರಿಯಲ್ಲಿರುವ ಅಕ್ಕನ ಮನೆ ಗೇಟು ತೆಗೆಯುವ ತನಕ ಲೆಕ್ಕ ಹಾಕಿದರೆ ಆ ಆರು ಗಂಟೆಯ ಲಾಭ ಎರಡೂವರೆಗೆ ಇಳಿಯುತ್ತದೆ. ಮೂರೂ ಬಗೆಯಲ್ಲಿ ಸಾಕಷ್ಟು ಓಡಾಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಎರಡೂ ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಕುಣಿಗಲ್, ಹಾಸನ, ಸಕಲೇಶಪುರದ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 350. ಅಂದರೆ ರಸ್ತೆ ಅಷ್ಟೇನೂ ಸುತ್ತುಬಳಸಲ್ಲ.

ನಾನಿರುವುದು ವಿಜಯನಗರದಲ್ಲಿ. ಪಶ್ಚಿಮದ ಊರಿಗೆ ಹೋಗಲು ಮೊದಲು ಉತ್ತರದ ದೇವನಹಳ್ಳಿ ಕಡೆ ಓಡಬೇಕು. ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿಗೇ ಎರಡು ಗಂಟೆ. ಬ್ಯಾಗ್ ಹಾಕುವುದಿದ್ದರೆ ವಿಮಾನ ಹೊರಡುವುದಕ್ಕೆ 60 ನಿಮಿಷ ಮುಂಚೆಯೇ ಕೌಂಟರ್ ಮುಚ್ಚುತ್ತದೆ, ಹಾಗಾಗಿ ಇನ್ನೊಂದು ಗಂಟೆ ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ಬಜ್ಪೆಯಲ್ಲಿ ಇಳಿದು, ಬ್ಯಾಗ್ ಹಿಡಿದು, ಕದ್ರಿ ಸೇರುವಾಗ ಒಟ್ಟು ಐದು ಗಂಟೆ ಆಗಿಯೇ ಇರುತ್ತದೆ. ಯಲಹಂಕದವರಿಗೆ ಈ ಲೆಕ್ಕ ಬೇರೆ, ಅವರು ಕಣ್ಣುಮುಚ್ಚಿ ವಿಮಾನ ಹತ್ತಬಹುದು.

ಕಾರು ನನಗೆ ಇಷ್ಟ, ಆದರೆ ಬೆಳಿಗ್ಗೆ ಐದಕ್ಕೆ ಮೊದಲೇ ನೆಲಮಂಗಲ ದಾಟಿದರೆ ಮಾತ್ರ. ಹಾಸನದವರೆಗೆ ರಸ್ತೆ ಸಲೀಸು. ಅಸಲಿ ಪರೀಕ್ಷೆ ಶಿರಾಡಿ ಘಾಟಿಯಲ್ಲಿ. ಮಂಗಳೂರಿಂದ ಬರುವ ಗ್ಯಾಸಿನ ಬುಲೆಟ್ ಟ್ಯಾಂಕರುಗಳು ಉಸಿರು ಕಟ್ಟಿ ಮೇಲೇರುತ್ತಿರುತ್ತವೆ. ಅವುಗಳಲ್ಲೊಂದು ಇನ್ನೊಂದನ್ನು ಹಿಂದೆ ಹಾಕಲು ಹೊರಟು ನಮ್ಮ ಸಾಲಿಗೇ ನುಗ್ಗಿತೆಂದರೆ, ಇಳಿಯುವವರೆಲ್ಲ ಬ್ರೇಕ್ ಮೇಲೆ ಕಾಲಿಟ್ಟು ಕಾಯಬೇಕು. ಪಕ್ಕದಲ್ಲಿ ಕೆಂಪುಹೊಳೆ ಹರಿಯುತ್ತಿದ್ದರೂ ಓಡಿಸುವವನಿಗೆ ಅದನ್ನು ನೋಡುವ ಭಾಗ್ಯವಿಲ್ಲ. ಗುಂಡ್ಯದಲ್ಲಿ ಕಿಟಕಿ ಇಳಿಸಿದ ಕೂಡಲೇ ಕರಾವಳಿಯ ಸೆಕೆ ಮುಖಕ್ಕೆ ರಾಚುತ್ತದೆ. ತಿಂಡಿ, ಕಾಫಿ ಸೇರಿ ಏಳೂವರೆ ಗಂಟೆ. ನಾಲ್ಕು ಜನ ಇದ್ದರೆ ದುಡ್ಡಿನ ಲೆಕ್ಕದಲ್ಲಿ ಇದೇ ಗೆಲ್ಲುತ್ತದೆ.

ಒಬ್ಬನೇ ಹೋಗುವಾಗ ನಾನು ಆರಿಸುವುದು ರಾತ್ರಿ ಬಸ್ಸು. ಮೆಜೆಸ್ಟಿಕ್‌ನಲ್ಲಿ ಹತ್ತೂವರೆಗೆ ಹತ್ತಿ ಮಲಗಿದರೆ ಬೆಳಕು ಹರಿಯುವಾಗ ಮಂಗಳೂರಿಗೆ ಹತ್ತಿರದ ಬಿ.ಸಿ. ರೋಡ್. ಎಂಟು ಗಂಟೆಯ ಪ್ರಯಾಣವಾದರೂ ಹಗಲಿನ ಒಂದು ಗಂಟೆಯೂ ಹಾಳಾಗುವುದಿಲ್ಲ. ವಿಮಾನಕ್ಕೆ ಅರ್ಧ ದಿನ ಹೋಗುತ್ತದೆ. ಸ್ಲೀಪರ್‌ನಲ್ಲಿ ಕೆಳಗಿನ, ನಡುಭಾಗದ ಬರ್ತ್ ಹಿಡಿಯಿರಿ. ಹಿಂದಿನ ಚಕ್ರದ ಮೇಲಿನದು ಸಿಕ್ಕರೆ ಘಾಟಿಯ ತಿರುವಿನಲ್ಲಿ ನಿದ್ದೆ ಬರಲ್ಲ.

ಮಳೆಗಾಲದಲ್ಲಿ ಮಾತ್ರ ನನ್ನ ಆಯ್ಕೆ ಬದಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಶಿರಾಡಿ, ಮಡಿಕೇರಿ ದಾರಿಯ ಸಂಪಾಜೆ ಎರಡೂ ಕಡೆ ಗುಡ್ಡ ಕುಸಿದು ದಾರಿ ಬಂದ್ ಆಗಿತ್ತು, ಘಾಟಿಯ ರೈಲೂ ನಿಂತಿತ್ತು. 2024ರ ಜುಲೈನಲ್ಲಿ ಶಿರಾಡಿ ದಾರಿಯ ದೊಡ್ಡತಪ್ಪಲೆಯಲ್ಲಿ ಮತ್ತೆ ಕುಸಿತ. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ತಪ್ಪಿಸಲಾಗದ ಕೆಲಸವಿದ್ದರೆ ವಿಮಾನವೇ ಸರಿ. ಬಜ್ಪೆಯ ರನ್‌ವೇ ಗುಡ್ಡದ ತಲೆ ಮೇಲಿದೆ, ಜಡಿಮಳೆಗೆ ಇಳಿಯಲಾಗದೆ ವಿಮಾನ ವಾಪಸಾಗುವುದೂ ಉಂಟು. ಅದಕ್ಕೇ ಕೆಲಸದ ಹಿಂದಿನ ದಿನವೇ ಹೊರಡುವುದು ಒಳ್ಳೆಯದು.

ಅಮ್ಮ ಜೊತೆಗಿದ್ದರೆ ಯಾವ ಕಾಲವಾದರೂ ವಿಮಾನವೇ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿಟ್ಟರೆ ಬಾಗಿಲಿಂದ ಸೀಟಿನವರೆಗೆ ಕರೆದೊಯ್ಯುತ್ತಾರೆ. ಮಂಡಿನೋವಿನಲ್ಲಿ ಆಕೆ ಸ್ಲೀಪರ್ ಬಸ್ಸಿನ ಮೆಟ್ಟಿಲು ಹತ್ತುವುದನ್ನು ನನ್ನಿಂದ ನೋಡಲಾಗುವುದಿಲ್ಲ.