ಹಳೇ ಮೈಸೂರು ರಸ್ತೆಯೋ ದಶಪಥವೋ: ಎರಡನ್ನೂ ಓಡಿಸಿ ನೋಡಿದ ಲೆಕ್ಕ

ಹಗಲಲ್ಲಿ ಮೈಸೂರಿಗೆ ಹೋಗಲು ನನ್ನ ಆಯ್ಕೆ ಹಳೇ ರಸ್ತೆ. ರಾತ್ರಿ ಬೆಂಗಳೂರಿಗೆ ಮರಳುವಾಗ ಮಾತ್ರ ದಶಪಥ, ಅಂದರೆ ಹತ್ತು ಪಥದ ಹೊಸ ಎಕ್ಸ್‌ಪ್ರೆಸ್‌ವೇ. ಎರಡು ಗಂಟೆಯೊಳಗೆ ಮೈಸೂರಿನಲ್ಲಿ ಇರಲೇಬೇಕು ಎನ್ನುವವರಿಗೆ ಈ ತೀರ್ಮಾನ ಒಗ್ಗುವುದಿಲ್ಲ. ಅವರು ಟೋಲ್ ಲೆಕ್ಕ ನೋಡಿಕೊಂಡರೆ ಸಾಕು.

ಹಳೇ ರಸ್ತೆ ಈಗ ಒಂದೇ ಸಮನೆ ಸಾಗುವ ರಸ್ತೆಯಾಗಿ ಉಳಿದಿಲ್ಲ. ರಾಜ್ಯ ಹೆದ್ದಾರಿ 17 ಆಗಿದ್ದಾಗ ಅದು ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಹೀಗೆ ಒಂದೊಂದೇ ಊರಿನ ನಡುಬೀದಿ ಹಾದು ಹೋಗುತ್ತಿತ್ತು. ಬೆಂಗಳೂರು–ಮೈಸೂರು ಕಾರಿಡಾರಿಗೆ 1995ರಲ್ಲೇ ಒಡಂಬಡಿಕೆ ಆಗಿತ್ತು. ಆದರೆ ಆ ಯೋಜನೆಯ ಎಕ್ಸ್‌ಪ್ರೆಸ್‌ವೇ ಮೈಸೂರು ಮುಟ್ಟಲಿಲ್ಲ, ಬೆಂಗಳೂರಿನ ಸುತ್ತ ನೈಸ್ ರಸ್ತೆಯಾಗಿ ಉಳಿಯಿತು. ಅಷ್ಟರಲ್ಲಿ, 2000ರ ದಶಕದಲ್ಲಿ, ಹಳೇ ರಸ್ತೆಯನ್ನೇ ನಾಲ್ಕು ಪಥಕ್ಕೆ ಅಗಲ ಮಾಡಿದರು. ಸಾಲುಮರಗಳು ಹೋಗಿದ್ದು ಆಗ, ದಶಪಥದ ಕಾಲಕ್ಕಲ್ಲ. ಆಮೇಲೆ ಇದು ಬಂಟ್ವಾಳದವರೆಗಿನ ರಾಷ್ಟ್ರೀಯ ಹೆದ್ದಾರಿ 275ರ ಭಾಗವಾಯಿತು. ರಾಜ್ಯ ಹೆದ್ದಾರಿಯ ಕಿಲೋಮೀಟರ್ ಕಲ್ಲಿಗೆ ಹಸಿರು ತಲೆ, ರಾಷ್ಟ್ರೀಯ ಹೆದ್ದಾರಿಯದಕ್ಕೆ ಹಳದಿ. ಆ ಬಣ್ಣದಲ್ಲೇ ರಸ್ತೆಯ ದರ್ಜೆ ಗೊತ್ತಾಗುತ್ತದೆ.

118 ಕಿ.ಮೀ. ಉದ್ದದ, ಸುಮಾರು 8,480 ಕೋಟಿ ರೂಪಾಯಿಯ ದಶಪಥಕ್ಕೆ 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಉದ್ಘಾಟನೆ ಆಯಿತು. ಹೆಸರಿಗೆ ಹತ್ತು ಪಥ. ಅದರಲ್ಲಿ ನಡುವಿನ ಆರು ಮಾತ್ರ ವೇಗದ ಮುಖ್ಯ ರಸ್ತೆ, ಅಕ್ಕಪಕ್ಕದ ಎರಡೆರಡು ಸರ್ವಿಸ್ ರಸ್ತೆ. ಒಟ್ಟು ಉದ್ದದಲ್ಲಿ ಸುಮಾರು 52 ಕಿ.ಮೀ. ಹೊಸ ಜಾಗದಲ್ಲಿ ಹಾಕಿದ್ದು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಐದು ಬೈಪಾಸ್ ಎಂದರೆ ಅದೇ. ಉಳಿದ ಕಡೆ ಹಳೇ ರಸ್ತೆಯ ಮೇಲೆಯೇ ಮುಖ್ಯ ರಸ್ತೆ ಕೂತಿದೆ, ಹಳೇ ಸಂಚಾರ ಪಕ್ಕದ ಸರ್ವಿಸ್ ರಸ್ತೆಗೆ ಸರಿದಿದೆ. ಹಾಗಾಗಿ ಈಗ ಹಳೇ ರಸ್ತೆಯಲ್ಲಿ ಹೋಗುವುದೆಂದರೆ ಊರೊಳಗೆ ಹಿಂದಿನ ನಾಲ್ಕು ಪಥ, ಊರು ದಾಟಿದ ಮೇಲೆ ಸರ್ವಿಸ್ ರಸ್ತೆ, ಮತ್ತೆ ಊರು.

ತಲೆನೋವು ಇರುವುದು ಈ ಎರಡು ಕೂಡುವ ಜಾಗಗಳಲ್ಲಿ. ಹಳೇ ರಸ್ತೆಯ ಪರ ವಾದಿಸುವವರು ಇದನ್ನು ಮುಚ್ಚಿಡಬಾರದು. ಬೆಂಗಳೂರಿನಿಂದ ಹೊರಟವರು ಊರೊಳಗೆ ಹೋಗುವಾಗ ಕಷ್ಟವಿಲ್ಲ. ಸರ್ವಿಸ್ ರಸ್ತೆಯಲ್ಲೇ ಇದ್ದರೆ ಅದೇ ಊರಿಗೆ ತಲುಪಿಸುತ್ತದೆ. ಊರಿನ ಆ ತುದಿಯಲ್ಲಿ ಹೊರಬೀಳುವಾಗ ಎಡವಟ್ಟಾಗುತ್ತದೆ. ಬೈಪಾಸ್ ಮರಳಿ ಬಂದು ಸೇರುವ ಕಡೆ ಎರಡು ದಾರಿ ಪಕ್ಕಪಕ್ಕ ತೆರೆದುಕೊಳ್ಳುತ್ತವೆ. ಒಂದು ಮುಖ್ಯ ರಸ್ತೆಗೆ ಏರುವ ರ‍್ಯಾಂಪು, ಇನ್ನೊಂದು ಸರ್ವಿಸ್ ರಸ್ತೆ. ರ‍್ಯಾಂಪು ಅಗಲ, ನುಣುಪು. ಮೈಸೂರು ಎಂಬ ದೊಡ್ಡ ಫಲಕವೂ ಅದಕ್ಕೇ. ಸರ್ವಿಸ್ ರಸ್ತೆ ನೋಡಲು ಯಾವುದೋ ಹಳ್ಳಿಗೆ ಒಳಹೊಗುವ ದಾರಿಯಂತಿರುತ್ತದೆ. ಗೊತ್ತಿಲ್ಲದವರ ಕೈ ತಾನಾಗಿ ರ‍್ಯಾಂಪಿನ ಕಡೆ ತಿರುಗುತ್ತದೆ.

ಕಾರಿನವರಿಗೆ ಇದರಿಂದ ಹೋಗುವುದು ಟೋಲ್ ದುಡ್ಡಷ್ಟೇ. ಬೈಕಿನವರಿಗೆ ಹಾಗಲ್ಲ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕ್, ಸ್ಕೂಟರ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ತಪ್ಪಿ ಏರಿದವರಿಗೆ ಅಲ್ಲಿಂದ ಹಿಂದೆ ತಿರುಗಲು ಜಾಗವಿಲ್ಲ. ಮುಂದಿನ ಇಳಿದಾರಿಯವರೆಗೆ ಲಾರಿಗಳ ಪಕ್ಕದಲ್ಲಿ ಎಡ ಅಂಚು ಹಿಡಿದು ಹೋಗಬೇಕು, ಸಿಕ್ಕಿಬಿದ್ದರೆ ದಂಡ ಕಟ್ಟಬೇಕು. ದಾರಿ ತಪ್ಪಿತೆಂದು ಎದುರು ದಿಕ್ಕಿನಲ್ಲಿ ವಾಪಸ್ ಬರುವ ಯೋಚನೆ ಮಾತ್ರ ಬೇಡವೇ ಬೇಡ.

ಫೋನಿನ ಮ್ಯಾಪ್ ಈ ವಿಷಯದಲ್ಲಿ ಅರ್ಧ ಸಹಾಯ ಮಾಡುತ್ತದೆ. ಮೈಸೂರು ಎಂದು ಒಂದೇ ಗುರಿ ಹಾಕಿದರೆ ಅದು ಮುಖ್ಯ ರಸ್ತೆಗೇ ಎಳೆಯುತ್ತದೆ. ಟೋಲ್ ಬೇಡ ಎಂಬ ಆಯ್ಕೆ ಒತ್ತಿದರೆ ಕೆಲವೊಮ್ಮೆ ಕನಕಪುರದ ಕಡೆ ಕಳಿಸಲು ನೋಡುತ್ತದೆ. ಸರಿಯಾದ ಉಪಾಯ ಎಂದರೆ ಊರೂರನ್ನೂ ನಡುವಿನ ನಿಲುಗಡೆಯಾಗಿ ಹಾಕುವುದು: ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಬರೀ ಊರಿನ ಹೆಸರಲ್ಲ, ಬಸ್ ನಿಲ್ದಾಣ ಎಂದೇ ಹಾಕಿ, ಆಗ ನಡುಬೀದಿಗೆ ಕರೆತರುತ್ತದೆ. ಜೊತೆಗೆ ಬೈಕ್‌ನಲ್ಲಿದ್ದರೆ ಬೈಕ್ ಮೋಡ್. ಇಷ್ಟಾದರೂ ಊರಿನ ಕೊನೆಯಲ್ಲಿ ಮ್ಯಾಪಿನ ಮಾತಿಗೆ ಕಾಯದೆ ಎಡಕ್ಕೆ ಅಂಟಿಕೊಳ್ಳಿ. ಎರಡು ದಾರಿಗಳ ಅಂತರ ಕೆಲವೇ ಮೀಟರ್ ಇರುವುದರಿಂದ ಫೋನಿಗೆ ನೀವು ಯಾವುದರ ಮೇಲಿದ್ದೀರಿ ಎಂಬುದು ತಡವಾಗಿ ತಿಳಿಯುತ್ತದೆ.

ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ವಾಹನ ಬರುತ್ತದೆ ಎಂದೇ ತಿಳಿದು ಓಡಿಸಬೇಕು. ಅದು ಸುತ್ತಲಿನ ಹಳ್ಳಿಯವರ ನಿತ್ಯದ ದಾರಿ. ಅಂಡರ್‌ಪಾಸ್ ದೂರವಿದ್ದರೆ ಜನ ಅದೇ ಬದಿಯಲ್ಲಿ ಹಿಂದಕ್ಕೆ ಬರುತ್ತಾರೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮದ್ದೂರು–ಮಂಡ್ಯ ನಡುವೆ ಹಿಂದೀಪವಿಲ್ಲದ ಟ್ರೈಲರುಗಳು ಸಂಜೆಯ ಮೇಲೆ ಕಾಣುವುದೇ ಇಲ್ಲ. ರಾತ್ರಿಗೆ ಹಳೇ ರಸ್ತೆ ಬೇಡ ಎನ್ನಲು ನನಗಿರುವ ಮುಖ್ಯ ಕಾರಣ ಇದೇ.

ದಶಪಥದ ಕಷ್ಟ ಬೇರೆ ಥರದ್ದು. ಅಲ್ಲಿ ಇಳಿಯುವುದು ನಮ್ಮ ಕೈಯಲ್ಲಿಲ್ಲ. ರಾಮನಗರ–ಚನ್ನಪಟ್ಟಣ ಬೈಪಾಸ್ ಒಂದೇ ಸುಮಾರು 22 ಕಿ.ಮೀ. ರಾಮನಗರ ದಾಟಿದ ಮೇಲಿನ ಜಾನಪದ ಲೋಕ, ಕೆಂಗಲ್ ಆಂಜನೇಯನ ಗುಡಿ ಎಲ್ಲ ಹಳೇ ರಸ್ತೆಯ ಬದಿಗೇ ಇವೆ. ದಶಪಥದಲ್ಲಿ ಹೋದವರಿಗೆ ಅವು ಇದ್ದ ಸುಳಿವೂ ಸಿಗುವುದಿಲ್ಲ. ಹಾಲೆ ಮರ ಕಡೆದು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಗೊಂಬೆ ಅಂಗಡಿಗಳಿಗೂ ಮದ್ದೂರಿನ ವಡೆಯ ಹೋಟೆಲುಗಳಿಗೂ ವ್ಯಾಪಾರ ಕುಸಿದಿದ್ದು ಈ ಕಾರಣಕ್ಕೇ. ಹಾದುಹೋಗುವ ಕಾರು ಐದು ನಿಮಿಷ ನಿಲ್ಲುವುದರ ಮೇಲೆಯೇ ಆ ಅಂಗಡಿಗಳು ಬದುಕಿದ್ದವು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಿನಲ್ಲಿ ವಡೆ ಕಾಫಿ, ಶ್ರೀರಂಗಪಟ್ಟಣದ ಸೇತುವೆ ಮೇಲಿಂದ ಪಕ್ಕದಲ್ಲಿ 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಕಂಬಗಳು. ಹಳೇ ರಸ್ತೆ ಹಿಡಿದರೆ ಇದಕ್ಕೆಲ್ಲ ಪ್ರತ್ಯೇಕ ಯೋಜನೆ ಬೇಕಿಲ್ಲ. ದಶಪಥದಲ್ಲಿ ಹೋಗುವವರು ಪೆಟ್ರೋಲು, ಶೌಚಾಲಯ ಎರಡನ್ನೂ ಕೆಂಗೇರಿ ಆಚೆಯ ಕುಂಬಳಗೋಡಿಗಿಂತ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಟೋಲ್ ಲೆಕ್ಕಕ್ಕೆ ಬರೋಣ. ಗೇಟು ಎರಡು ಕಡೆ: ಬಿಡದಿಗೆ ಮೊದಲು ಕಣಿಮಿಣಿಕೆ–ಶೇಷಗಿರಿಹಳ್ಳಿಯಲ್ಲಿ, ಶ್ರೀರಂಗಪಟ್ಟಣಕ್ಕೆ ಮೊದಲು ಗಣಂಗೂರಿನಲ್ಲಿ. ಎಷ್ಟು ದೂರ ಓಡಿಸಿದಿರಿ ಎಂದು ಗೇಟು ಕೇಳುವುದಿಲ್ಲ. ಬೆಂಗಳೂರಿನಿಂದ ರಾಮನಗರದಲ್ಲಿ ಇಳಿಯುವವರೂ ಮದ್ದೂರಿನವರೆಗೆ ಹೋಗುವವರೂ ಒಂದೇ ಮೊತ್ತ ಕೊಡುತ್ತಾರೆ. ಹಾಗಾಗಿ ರಾಮನಗರ, ಬಿಡದಿಗಷ್ಟೇ ಹೋಗುವವರಿಗೆ ದಶಪಥ ಶುದ್ಧ ನಷ್ಟ. 2023ರ ಜುಲೈ 1ರಂದು ಎರಡನೇ ಭಾಗಕ್ಕೂ ಟೋಲ್ ಶುರುವಾದಾಗ ಕಾರಿಗೆ 165 ಮತ್ತು 155, ಒಟ್ಟು 320 ರೂಪಾಯಿ. 24 ಗಂಟೆಯೊಳಗೆ ಮರಳಿದರೆ ಹೋಗಿಬರಲು ಸೇರಿ 485. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಖಾಸಗಿ ಕಾರುಗಳ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಬಂತು. ಒಂದು ವರ್ಷ ಅಥವಾ 200 ದಾಟುವಿಕೆ, ಯಾವುದು ಮೊದಲೋ ಅದು. ಇಲ್ಲಿ ಒಮ್ಮೆ ಹೋಗಿಬಂದರೆ ನಾಲ್ಕು ದಾಟುವಿಕೆ ಕಳೆಯುತ್ತವೆ, ಅಂದರೆ ಪಾಸಿನಲ್ಲಿ 50 ಸಲ ಮೈಸೂರು. ಆದರೆ 485ರ ದರದಲ್ಲಿ ಪಾಸಿನ ದುಡ್ಡು ಹುಟ್ಟಲು ವರ್ಷಕ್ಕೆ ಕನಿಷ್ಠ ಏಳು ಸಲವಾದರೂ ಹೋಗಿಬರಬೇಕು. ಯುಗಾದಿಗೊಮ್ಮೆ ದಸರಾಕ್ಕೊಮ್ಮೆ ಹೋಗುವ ಮನೆಯವರು ಈ ರಸ್ತೆಗೆಂದೇ ಪಾಸ್ ಕೊಳ್ಳುವುದು ಬೇಡ. ಸರ್ವಿಸ್ ರಸ್ತೆಗೂ ಊರೊಳಗಿನ ಹಳೇ ರಸ್ತೆಗೂ ಟೋಲ್ ಇಲ್ಲ.

ಸಮಯದಲ್ಲಿ ದಶಪಥವೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಕುಂಬಳಗೋಡಿನಿಂದ ಮೈಸೂರಿನ ರಿಂಗ್ ರಸ್ತೆವರೆಗೆ ಒಂದೂಕಾಲು, ಒಂದೂವರೆ ಗಂಟೆ ಸಾಕು. ಹಳೇ ರಸ್ತೆಯಲ್ಲಿ ಹಂಪು, ಸಿಗ್ನಲ್, ಊಟತಿಂಡಿ ಸೇರಿ ಮೂರು ಗಂಟೆ ಇಟ್ಟುಕೊಳ್ಳಿ. ಆದರೆ ಶುಕ್ರವಾರ ಸಂಜೆ ನಾಯಂಡಹಳ್ಳಿಯಿಂದ ಕೆಂಗೇರಿ ದಾಟಲು ಹಿಡಿಯುವ ಹೊತ್ತು ಎರಡಕ್ಕೂ ಒಂದೇ.

ವೇಗದ ಮಿತಿ ಗಂಟೆಗೆ 100 ಕಿ.ಮೀ. ಕ್ಯಾಮೆರಾ ಇವೆ. 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿಯೂ ಪೊಲೀಸರು ಹೇಳಿದ್ದರು. ಸಣ್ಣ ಕಾರುಗಳು 100ರಲ್ಲಿ ಎದುರಿಸುವ ಗಾಳಿಯ ತಡೆ 60ರಲ್ಲಿ ಇರುವುದಕ್ಕಿಂತ ಹತ್ತಿರಹತ್ತಿರ ಮೂರು ಪಟ್ಟು. ಮೈಲೇಜ್ ಇಳಿಯುವುದು ಅದಕ್ಕೇ. ಏಪ್ರಿಲ್, ಮೇ ಬಿಸಿಲಲ್ಲಿ ಹಳೇ ಟೈರಿನಲ್ಲಿ ಈ ವೇಗ ಅಪಾಯ. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಐದಾರು ವರ್ಷ ದಾಟಿದ್ದರೆ ಈ ರಸ್ತೆಗೆ ಇಳಿಸಬೇಡಿ. ಟೈರ್ ತಣ್ಣಗಿರುವಾಗಲೇ ಗಾಳಿ ಹಿಡಿಸಿ, ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ.

ಮಳೆ: ಉದ್ಘಾಟನೆಯಾದ ವಾರದೊಳಗೇ ರಾಮನಗರದ ಸಂಗಬಸವನದೊಡ್ಡಿ ಬಳಿ ದಶಪಥದ ಅಂಡರ್‌ಪಾಸಿನಲ್ಲಿ ನೀರು ನಿಂತಿತ್ತು. ಮೋರಿಯ ದಾರಿಗೆ ಮಣ್ಣು ಬಿದ್ದರೆ ತಗ್ಗಿನ ರಸ್ತೆ ಕೆರೆಯಾಗುತ್ತದೆ. ಜೋರು ಮಳೆಯಲ್ಲಿ ಊರೊಳಗಿನ ಹಳೇ ರಸ್ತೆಯೇ ವಾಸಿ.

ಬಸ್ಸಿನವರಿಗೆ: ಊರೂರಲ್ಲಿ ನಿಲ್ಲುವ ಕೆಂಪು ಬಸ್ಸು ಹಳೇ ರಸ್ತೆಯದು, ನಾನ್‌ಸ್ಟಾಪ್ ದಶಪಥದ್ದು. ಬಳಕೆದಾರರ ಶುಲ್ಕ ಎಂದು ಸಾರಿಗೆ ಬಸ್ಸಿಗೆ 15, ರಾಜಹಂಸಕ್ಕೆ 18 ರೂಪಾಯಿ 2023ರಲ್ಲಿ ಸೇರಿಸಿದ್ದು ದಶಪಥದ ಬಸ್ಸುಗಳಿಗೆ. ಮದ್ದೂರಿನಲ್ಲಿ ಇಳಿಯುವವರು ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ, ನಾನ್‌ಸ್ಟಾಪ್ ಊರೊಳಗೆ ಬರುವುದಿಲ್ಲ.

ರಾತ್ರಿ ಮರಳುವಾಗ ಮಾತ್ರ ಕ್ರಮ ತಿರುಗಿಸಿ. ಫಾಸ್ಟ್ಯಾಗಿನಲ್ಲಿ ಎರಡೂ ಗೇಟಿಗೆ ಸಾಲುವಷ್ಟು ದುಡ್ಡು ಇದೆಯೇ ಎಂದು ಮೈಸೂರಿನಲ್ಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಗೇಟಿನಲ್ಲಿ ಹೆಚ್ಚು ದುಡ್ಡು ತೆರಬೇಕಾಗುತ್ತದೆ. ನಡುವಿನ ಪಥದಲ್ಲಿ 80–90ರಲ್ಲಿ ಬನ್ನಿ, ಎಡ ಅಂಚಿನಲ್ಲಿ ಕೆಟ್ಟು ನಿಂತ ಲಾರಿ ಇರಬಹುದು. ದಕ್ಷಿಣ ಬೆಂಗಳೂರಿನವರು ಕೆಂಗೇರಿಯೊಳಗೆ ನುಗ್ಗದೆ ನೈಸ್ ರಸ್ತೆ ಹಿಡಿಯುವುದು ಸುಲಭ. ಅದರ ಟೋಲ್ ಬೇರೆ, ವಾರ್ಷಿಕ ಪಾಸ್ ಅಲ್ಲಿ ನಡೆಯುವುದಿಲ್ಲ.