ಮುಂಬಯಿಯ ಸಿನಗಾಗ್ ನಡಿಗೆ: ಭಿನ್ನಮತವನ್ನು ಮುಚ್ಚಿಡದ ಮಾರ್ಗದರ್ಶಿ

ಮುಂಬಯಿಯ ಪಾರಂಪರಿಕ ನಡಿಗೆಗಳ ಬಗ್ಗೆ ನನ್ನದು ಹಳೆಯ ತಕರಾರು. ಕಮಾನು, ಬಣ್ಣದ ಗಾಜು, ಕಟ್ಟಿಸಿದವರ ಹೆಸರು, ಇಸವಿ ಹೇಳಿ ಮುಂದಿನ ಕಟ್ಟಡಕ್ಕೆ ಕರೆದೊಯ್ಯುತ್ತಾರೆ. ಒಳಗೆ ಪ್ರಾರ್ಥನೆ ಮಾಡುವವರು ಯಾವ ವಿಷಯಕ್ಕೆ ತಮ್ಮತಮ್ಮಲ್ಲೇ ವಾದಿಸುತ್ತಾರೆ ಎಂಬುದು ತಿಳಿಯುವುದೇ ಇಲ್ಲ. ಕಳೆದ ತಿಂಗಳು ಒಂದು ಭಾನುವಾರ ಹೋಗಿದ್ದ, ಯಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳ ನಡಿಗೆಯಲ್ಲಿ ಆ ವಾದವೇ ಮುಖ್ಯವಾಗಿತ್ತು. ಊಟವೂ ಸೇರಿ ತಲಾ 1,200 ರೂಪಾಯಿ. ನಡೆಸುವವರು ಕೊಂಕಣದ ಮರಾಠಿ ಮಾತಿನ ಯಹೂದಿಗಳಾದ ಬೆನೆ ಇಸ್ರೇಲ್ ಸಮುದಾಯದ ಒಬ್ಬ ಯುವಕ. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ನಿರರ್ಗಳವಾಗಿ ಮಾತನಾಡುತ್ತಾರೆ.

ಮೊದಲಿಗೆ ಕಾಲಾ ಘೋಡಾದ ಕೆನೆಸೆತ್ ಎಲಿಯಾಹೂ ಸಿನಗಾಗ್, 1884ರಲ್ಲಿ ಜೇಕಬ್ ಸಸೂನ್ ತಂದೆಯ ನೆನಪಿಗೆ ಕಟ್ಟಿಸಿದ್ದು. ಗುಂಪಿನಲ್ಲಿದ್ದ ಒಬ್ಬರು, ಶನಿವಾರ ಇಲ್ಲಿಗೆ ಕಾರಿನಲ್ಲಿ ಬರಬಹುದೇ ಎಂದು ಕೇಳಿದರು. ಬೇರೆಯವರಾದರೆ ಹೌದು ಅಥವಾ ಇಲ್ಲ ಎಂದು ಮುಗಿಸುತ್ತಿದ್ದರು. ಇವರು ಮೂರು ಉತ್ತರ ಕೊಟ್ಟರು. ಯಹೂದಿಗಳ ವಿಶ್ರಾಂತಿ ದಿನವಾದ ಶನಿವಾರ, ಅಂದರೆ ಸಬ್ಬತ್ ದಿನ, ನಿಷಿದ್ಧವಾದ 39 ಬಗೆಯ ಕೆಲಸಗಳಲ್ಲಿ ಬೆಂಕಿ ಹೊತ್ತಿಸುವುದೂ ಒಂದು. ಎಂಜಿನ್ನಿನ ಕಿಡಿಯೂ ಬೆಂಕಿಯೇ, ಆದ್ದರಿಂದ ನಡೆದೇ ಬರಬೇಕು ಎನ್ನುವುದು ಸಂಪ್ರದಾಯನಿಷ್ಠ ಆರ್ಥೊಡಾಕ್ಸ್ ಪಂಥದ ನಿಲುವು. ಅಮೆರಿಕದ, ನಡುದಾರಿಯ ಕನ್ಸರ್ವೇಟಿವ್ ಪಂಥದ ವಿದ್ವಾಂಸರ ಸಮಿತಿ 1950ರಲ್ಲಿ, ದೂರದಲ್ಲಿ ಇರುವವರು ಸಿನಗಾಗಿಗೆ ಬರುವುದಕ್ಕಾಗಿ ಕಾರು ಓಡಿಸಬಹುದು ಎಂದಿತು. ಸುಧಾರಣಾವಾದಿ ರಿಫಾರ್ಮ್ ಪಂಥ ಅದನ್ನು ಆಯಾ ವ್ಯಕ್ತಿಯ ವಿವೇಚನೆಗೆ ಬಿಡುತ್ತದೆ. ಠಾಣೆಯಲ್ಲಿ ಮನೆ ಮಾಡಿದವರು ಫೋರ್ಟಿಗೆ ನಡೆದು ಬರುವುದು ಹೇಗೆ ಎಂದು ಮತ್ತೊಬ್ಬರು ಕೇಳಿದಾಗ, ಅದಕ್ಕಾಗಿಯೇ ಸಿನಗಾಗಿನ ಹತ್ತಿರ ಮನೆ ಹಿಡಿಯುತ್ತಾರೆ ಎಂದರು ಮಾರ್ಗದರ್ಶಿ. ಯಾರ ಪಕ್ಷವನ್ನೂ ಹಗುರಾಗಿಸದೆ ಹೇಳುವ ಈ ಗುಣ ನನಗೆ ಬಹಳ ಹಿಡಿಸಿತು.

ಇಡೀ ನಡಿಗೆಯ ಜೀವಾಳ ಬೈಕುಲಾದ ಮಾಗೆನ್ ಡೇವಿಡ್‌ನ ಅಂಗಳ. 1864ರ ಆ ಗೋಪುರದ ಕೆಳಗೆ ನಮ್ಮನ್ನು ಕೂರಿಸಿ, ರಬ್ಬಿಗಳ ಅಂದರೆ ಯಹೂದಿ ಧರ್ಮಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನ ಒಂದು ಪ್ರಸಂಗ ಹೇಳಿದರು. ಒಂದು ಒಲೆ ಶುದ್ಧವೋ ಅಶುದ್ಧವೋ ಎಂಬ ಚರ್ಚೆ. ರಬ್ಬಿ ಎಲಿಯೆಜರ್ ಒಬ್ಬರೇ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಎಲಿಯೆಜರ್ ಮಾತಿಗೆ ಮರ ಬುಡಸಮೇತ ಕಿತ್ತು ದೂರ ಸರಿಯಿತು, ನೀರು ಹಿಂದಕ್ಕೆ ಹರಿಯಿತು, ಪಾಠಶಾಲೆಯ ಗೋಡೆ ವಾಲಿತು. ಕೊನೆಗೆ ಆಕಾಶವಾಣಿಯೂ ಅವರ ಪರವಾಗಿಯೇ ಆಯಿತು. ಆಗ ರಬ್ಬಿ ಯೆಹೋಶುವಾ ಎದ್ದು ನಿಂತು, ಧರ್ಮನಿಯಮದ ಬಗ್ಗೆ ‘ಅದು ಆಕಾಶದಲ್ಲಿಲ್ಲ’ ಎಂಬ ಧರ್ಮಗ್ರಂಥದ ಮಾತನ್ನೇ ಎತ್ತಿ ಹೇಳಿದರು. ತೀರ್ಪು ಬಹುಮತದ್ದೇ ಆಯಿತು.

ಈ ಒಂದೇ ಕತೆಯನ್ನು ಪಂಥಗಳು ಓದುವ ರೀತಿ ಕೇಳಿ ಬೆರಗಾದೆ. ಧರ್ಮನಿಯಮವನ್ನು ನಿರ್ಣಯಿಸುವ ಅಧಿಕಾರ ಋಷಿತುಲ್ಯರಾದ ಆ ಪಂಡಿತರಿಗೆ ಸಂದಿದೆ, ಅವರ ನಿರ್ಣಯ ನಮ್ಮನ್ನು ಕಟ್ಟಿಹಾಕುತ್ತದೆ ಎಂದು ಆರ್ಥೊಡಾಕ್ಸರು. ನಿಯಮ ಕಟ್ಟಿಹಾಕುವುದು ನಿಜ, ಆದರೆ ಪ್ರತಿ ತಲೆಮಾರಿನ ಪಂಡಿತರಿಗೂ ಆ ಅಧಿಕಾರ ಉಂಟು ಎಂದು ಕನ್ಸರ್ವೇಟಿವರು. ಮನುಷ್ಯರ ಕೈಗೆ ಬಂದದ್ದನ್ನು ಮನುಷ್ಯರು ಬದಲಿಸಬಹುದು ಎಂದು ರಿಫಾರ್ಮಿನವರು. ಸ್ಮಾರ್ತರ ಏಕಾದಶಿ ಒಂದು ದಿನ, ಮಾಧ್ವರದು ಮರುದಿನ ಬರುವ ಊರಿನಲ್ಲಿ ಬೆಳೆದ ನನಗೆ ಇದು ಪರಕೀಯ ಅನ್ನಿಸಲಿಲ್ಲ.

ಊಟ ಆಗ್ರಿಪಾಡಾದಲ್ಲಿ, ಮಾರ್ಗದರ್ಶಿಯ ಮೌಶಿಯ, ಅಂದರೆ ತಾಯಿಯ ಸೋದರಿಯ, ಮನೆಯಲ್ಲಿ. ಒಳಹೋಗುವ ಮೊದಲು ಬಾಗಿಲ ಚೌಕಟ್ಟಿನ ಬಲಕ್ಕೆ ಮೊಳೆ ಹೊಡೆದಿದ್ದ ಬೆರಳುದ್ದದ ಕೊಳವೆಯನ್ನು ತೋರಿಸಿದರು. ಒಳಗೆ ಚರ್ಮದ ಹಾಳೆಯಲ್ಲಿ ಬರೆದ ಶ್ಲೋಕಗಳು, ಅದೇ ಮೆಜುಜಾ. ಇಲ್ಲಿ ಅದು ನೆಟ್ಟಗಿತ್ತು. ಯೂರೋಪಿನ ಮೂಲದ ಮನೆಗಳಲ್ಲಿ ಓರೆಯಾಗಿರುತ್ತದಂತೆ. ನೆಟ್ಟಗಿರಬೇಕು ಎಂದವರು ಫ್ರಾನ್ಸಿನ ಮಹಾಪಂಡಿತ ರಾಶಿ, ಅಡ್ಡ ಇರಬೇಕು ಎಂದವರು ಅವರದೇ ಮೊಮ್ಮಗ ರಬ್ಬೇನು ತಾಮ್. ಇಬ್ಬರನ್ನೂ ಗೌರವಿಸಲು ಮುಂದಿನವರು ಓರೆಯಾಗಿ ಹೊಡೆದರು.

ಮೌಶಿ ಮಾಡಿದ್ದು ತೆಂಗಿನ ಹಾಲಿನ ಕೋಳಿ ಸಾರು, ನಮ್ಮಂಥ ಸಸ್ಯಾಹಾರಿಗಳಿಗೆ ಅದೇ ಮಸಾಲೆಯ ಆಲೂಗಡ್ಡೆ, ಜೊತೆಗೆ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಹಣ್ಣು ಕಲಸಿದ ಮಲಿದಾ. ಮಾಂಸದ ಜೊತೆ ಹಾಲು ಮೊಸರು ಸೇರಬಾರದಾದ್ದರಿಂದ ಕೊಂಕಣದ ತೆಂಗೇ ಇವರ ಅಡುಗೆಯನ್ನು ಕಾಪಾಡಿದೆ. ‘ಮರಿಯನ್ನು ತಾಯಿಯ ಹಾಲಿನಲ್ಲಿ ಬೇಯಿಸಬೇಡ’ ಎಂಬ ವಾಕ್ಯ ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದಲ್ಲಿ ಮೂರು ಸಲ ಬರುತ್ತದೆ. ಕೋಳಿ ಹಾಲೂಡುವುದಿಲ್ಲವಲ್ಲ ಎಂದು ನಾನು ಕೇಳಿದೆ. ಗಲಿಲಾಯದ ರಬ್ಬಿ ಯೋಸೆ ಇದೇ ವಾದ ಮಾಡಿದ್ದರು, ಅವರ ಊರಿನಲ್ಲಿ ಜನ ಕೋಳಿಯನ್ನು ಹಾಲಿನೊಂದಿಗೆ ತಿನ್ನುತ್ತಿದ್ದರು. ಆದರೆ ನಿಯಮ ಅವರ ಪರ ನಿಲ್ಲಲಿಲ್ಲ ಎಂಬ ಉತ್ತರ ಬಂತು. 1885ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಸೇರಿದ ರಿಫಾರ್ಮ್ ರಬ್ಬಿಗಳು ಆಹಾರದ ನಿಯಮಗಳನ್ನೇ ಕೈಬಿಟ್ಟದ್ದನ್ನು ಕೇಳಿ ಮೌಶಿ, ‘ಹಾಗಾದರೆ ಅಡುಗೆಮನೆಯಲ್ಲಿ ದೇವರ ನೆನಪು ಹೇಗಾಗುತ್ತದೆ?’ ಎಂದರು. ಮಾರ್ಗದರ್ಶಿ ತಿದ್ದಲು ಹೋಗಲಿಲ್ಲ.

ಇನ್ನು ಕೊರತೆ. ಮಸೀದಿ ಬಂದರಿನ ಶಾರ್ ಹರಹಮೀಮ್‌ಗೆ ಸಿಕ್ಕಿದ್ದು ಕಾಲು ಗಂಟೆ. ಟಿಪ್ಪುವಿನ ಸೆರೆಯಿಂದ ಬದುಕಿ ಬಂದ ಸ್ಯಾಮ್ಯುಯೆಲ್ ದಿವೇಕರ್ ಹರಕೆಯಂತೆ 1796ರಲ್ಲಿ ಕಟ್ಟಿಸಿದರು ಎಂಬ ಐತಿಹ್ಯವಿರುವ ಜಾಗ ಅದು. ಕನ್ನಡಿಗರಿಗಂತೂ ಅಲ್ಲಿ ಕೇಳುವುದು ಬಹಳವಿದೆ. ಅದಕ್ಕಿಂತ ದೊಡ್ಡ ಕೊರತೆ ಡಾ. ಜೆರೂಷಾ ಝಿರಾಡ್ ಬಗ್ಗೆ ಎರಡೇ ವಾಕ್ಯ ಹೇಳಿದ್ದು. ನಮ್ಮ ಶಿವಮೊಗ್ಗದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ವೈದ್ಯಕೀಯ ಓದಿ, ಅಲ್ಲಿನ ಉದಾರವಾದಿ ಯಹೂದಿ ಚಿಂತನೆಯನ್ನು ತಂದು 1925ರಲ್ಲಿ ಬೊಂಬಾಯಿಯಲ್ಲಿ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಕಟ್ಟಿದವರು ಅವರು. ಹೆಂಗಸರು ಮೇಲಿನ ಗ್ಯಾಲರಿಯಲ್ಲಿ ಕೂರುವ ಸಿನಗಾಗ್‌ಗಳನ್ನು ತೋರಿಸಿದ ಮೇಲೆ, ಇದೇ ಊರಿನಲ್ಲಿ ಬೇರೆ ದಾರಿ ಹಿಡಿದ ಹೆಣ್ಣುಮಗಳ ಕತೆಯನ್ನು ಬಸ್ಸಿನಲ್ಲಿ ಅವಸರದಲ್ಲಿ ಹೇಳಿ ಮುಗಿಸುವುದು ನ್ಯಾಯವಲ್ಲ. ಪಂಥಭೇದವೇ ಈ ನಡಿಗೆಯ ತಿರುಳಾದ್ದರಿಂದ ಅವರಿಗೆ ಅರ್ಧ ಗಂಟೆಯಾದರೂ ಸಲ್ಲಬೇಕು. ಅಭಿಪ್ರಾಯ ಕೇಳಿದ ಹಾಳೆಯಲ್ಲಿ ಇದನ್ನೇ ಬರೆದು ಕೊಟ್ಟಿದ್ದೇನೆ.

ಹೋಗುವವರು ಆಧಾರ್ ಕಾರ್ಡ್ ಮರೆಯಬೇಡಿ, ಬಾಗಿಲಲ್ಲೇ ತಪಾಸಣೆ ಇದೆ. ಗಂಡಸರಿಗೆ ತಲೆಗೆ ಟೋಪಿ ಕೊಡುತ್ತಾರೆ. ಮಕ್ಕಳಿಗೆ ಇದು ದೀರ್ಘವಾದೀತು; ಪ್ರಶ್ನೆ ಕೇಳುವ ಹಿರಿಯರನ್ನು ಖಂಡಿತ ಕರೆದೊಯ್ಯಿರಿ.