ವಿಎಸ್ ಕೋಡ್ ಶಾರ್ಟ್‌ಕಟ್‌ಗಳು: ವರ್ಷಗಟ್ಟಲೆ ಬಳಸಿದ ಮೇಲೆ

ದಿನವಿಡೀ ಕೋಡ್ ಬರೆಯುವವರಿಗೂ ವಿಎಸ್ ಕೋಡ್ ಎಂಬ ಕೋಡ್ ಎಡಿಟರ್‌ನ ನೂರಾರು ಶಾರ್ಟ್‌ಕಟ್ ಬೇಕಾಗಿಲ್ಲ. ಹತ್ತು-ಹನ್ನೆರಡು ಕೈಗೆ ಹತ್ತಿದರೆ ಮೌಸ್ ಮುಟ್ಟುವುದೇ ಅಪರೂಪ. ಆಲ್ಟ್ ಹಿಡಿದು ಮೇಲಿನ ಅಥವಾ ಕೆಳಗಿನ ಬಾಣ ಒತ್ತಿದರೆ ಇಡೀ ಸಾಲು ಜರುಗುತ್ತದೆ, ಕಂಟ್ರೋಲ್+ಶಿಫ್ಟ್+ಕೆ ಸಾಲನ್ನೇ ಅಳಿಸುತ್ತದೆ, ಕಂಟ್ರೋಲ್+ಪಿ ಒತ್ತಿ ಹೆಸರಿನ ಮೂರ್ನಾಲ್ಕು ಅಕ್ಷರ ಹೊಡೆದರೆ ಫೈಲ್ ಸಿಗುತ್ತದೆ. (ಇಲ್ಲಿನ ಕೀಗಳೆಲ್ಲ ವಿಂಡೋಸ್, ಲಿನಕ್ಸ್‌ನವು.) ಇವು ಬೇಗ ರೂಢಿಯಾಗುತ್ತವೆ.

ಅತಿ ಹೆಚ್ಚು ಸಮಯ ಉಳಿಸುವುದು ಕಂಟ್ರೋಲ್+ಡಿ. ಕೈ ಕೊಡುವುದೂ ಅದೇ. ಕರ್ಸರನ್ನು ಪದದ ಮೇಲೆ ಸುಮ್ಮನೆ ಇಟ್ಟು ಒತ್ತಿದರೆ ಮೊದಲ ಸಲ ಆ ಪದ ಆಯ್ಕೆಯಾಗುತ್ತದೆ. ಮತ್ತೆ ಮತ್ತೆ ಒತ್ತಿದಂತೆ ಅದೇ ಪೂರ್ಣ ಪದ ಇರುವ ಮುಂದಿನ ಜಾಗಗಳು ಸೇರುತ್ತವೆ. ಅದೇ ಪದವನ್ನು ಮೊದಲೇ ಎಳೆದು ಆಯ್ಕೆ ಮಾಡಿ ಒತ್ತಿದರೆ ಲೆಕ್ಕ ಬದಲಾಗುತ್ತದೆ: ಹುಡುಕುವ ಪೆಟ್ಟಿಗೆಯಲ್ಲಿ 'ಪೂರ್ಣ ಪದ' ಗುರುತು ಹಾಕಿರದಿದ್ದರೆ ಬೇರೆ ಪದಗಳ ಒಳಗೂ ಹಿಡಿಯುತ್ತದೆ. 'ಐಡಿ' (id) ಎಂಬ ವೇರಿಯಬಲ್ ಬದಲಿಸಲು ಹೋದರೆ 'ವಿಡ್ತ್' (width), 'ವ್ಯಾಲಿಡ್' (valid) ಸ್ಪೆಲ್ಲಿಂಗ್‌ನಲ್ಲಿರುವ ಆ ಎರಡಕ್ಷರವೂ ಬದಲಾಗಿ ಕೋಡ್ ಕೆಡುತ್ತದೆ. ಬೇಡದ್ದೊಂದು ಸೇರಿಕೊಂಡರೆ ಕಂಟ್ರೋಲ್+ಯು ಕೊನೆಯ ಕರ್ಸರನ್ನು ಹಿಂದೆಗೆಯುತ್ತದೆ. ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಲು ಕಂಟ್ರೋಲ್+ಕೆ, ಆಮೇಲೆ ಕಂಟ್ರೋಲ್+ಡಿ.

ಹೆಸರು ಬದಲಿಸುವುದಕ್ಕೇ ಆದರೆ ಕಂಟ್ರೋಲ್+ಡಿ ಬಿಟ್ಟು ಎಫ್2 ಬಳಸಿ. ಅದು ಅಕ್ಷರ ನೋಡುವುದಿಲ್ಲ, ಕೋಡ್‌ನ ಅರ್ಥ ತಿಳಿದ ಲ್ಯಾಂಗ್ವೇಜ್ ಸರ್ವರ್ ಎಂಬ ಪ್ರೋಗ್ರಾಂ ಕೇಳಿ ಅದೇ ವೇರಿಯಬಲ್ ಬಳಕೆಯಾದ ಬೇರೆ ಫೈಲ್‌ಗಳನ್ನೂ ತಿದ್ದುತ್ತದೆ. ಟೈಪ್‌ಸ್ಕ್ರಿಪ್ಟ್‌ಗೆ ಈ ಸೌಲಭ್ಯ ಎಡಿಟರ್ ಜೊತೆಗೇ ಬರುತ್ತದೆ, ಪೈಥಾನ್‌ಗೆ ಎಕ್ಸ್‌ಟೆನ್ಷನ್ (ಎಡಿಟರ್‌ಗೆ ಸೇರಿಸುವ ಹೆಚ್ಚುವರಿ ತುಣುಕು) ಹಾಕಿಕೊಳ್ಳಬೇಕು. ಕೋಟ್‌ಗಳೊಳಗಿನ ಸ್ಟ್ರಿಂಗ್‌ಗಳನ್ನು ಇದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎಪಿಐ ಕೀ, ಡೇಟಾಬೇಸ್ ಕಾಲಂ ಹೆಸರುಗಳನ್ನು ಆಮೇಲೆ ಹುಡುಕಿ ನೋಡಲೇಬೇಕು.

ಸ್ಕ್ರಿಪ್ಟ್ ವಿಷಯದಲ್ಲಿ ಒಂದು ಕೊರತೆಯಿದೆ: ವಿಮ್ ಎಂಬ ಇನ್ನೊಂದು ಎಡಿಟರ್‌ನಲ್ಲಿರುವಂತೆ ಒತ್ತಿದ ಕೀಗಳನ್ನು ರೆಕಾರ್ಡ್ ಮಾಡಿ ಮತ್ತೆ ಓಡಿಸುವ ಮ್ಯಾಕ್ರೋ ವಿಎಸ್ ಕೋಡ್‌ನಲ್ಲಿ ಅಂತರ್ಗತವಾಗಿಲ್ಲ. ಇದ್ದುದರಲ್ಲಿ ಒಳ್ಳೆಯ ದಾರಿಯೆಂದರೆ ಪೈಥಾನ್ ಅಥವಾ ಶೆಲ್ ಸ್ಕ್ರಿಪ್ಟನ್ನು ಟಾಸ್ಕ್ (ಎಡಿಟರ್ ಓಡಿಸುವ ಹೊರಗಿನ ಕೆಲಸ) ಆಗಿ ಬರೆದು ಒಂದು ಕೀಗೆ ಕಟ್ಟುವುದು. ಸ್ಕ್ರಿಪ್ಟ್ ತಿದ್ದುವುದು ಡಿಸ್ಕ್‌ನಲ್ಲಿರುವ ಫೈಲನ್ನು. ಟಾಸ್ಕ್‌ಗೆ ಮುಂಚೆ ತಾನೇ ಸೇವ್ ಮಾಡುವ ಸೆಟ್ಟಿಂಗ್ ಆಫ್ ಆಗಿದ್ದು, ಎಡಿಟರ್‌ನಲ್ಲಿ ಸೇವ್ ಆಗದ ಬದಲಾವಣೆ ಉಳಿದಿದ್ದರೆ ಎರಡಕ್ಕೂ ತಾಳೆಯಾಗದೆ, ಸೇವ್ ಮಾಡುವಾಗ ಡಿಸ್ಕ್‌ನಲ್ಲಿರುವುದು ಹೊಸದು ಎಂಬ ತಕರಾರು ಬರುತ್ತದೆ. ಹಲವು ಆಜ್ಞೆಗಳನ್ನು ಸಾಲಾಗಿ ಓಡಿಸುವ 'ರನ್ ಕಮಾಂಡ್ಸ್' ಬಳಸಿ ಒಂದೇ ಕೀಗೆ ಮೊದಲು ಸೇವ್, ಆಮೇಲೆ ಟಾಸ್ಕ್ ಜೋಡಿಸಿದರೆ ಈ ಕಾಟ ತಪ್ಪುತ್ತದೆ.

ಲಿನಕ್ಸ್‌ನಲ್ಲಿ ಐಬಸ್ ಎಂಬ ಭಾಷಾ ಟೈಪಿಂಗ್ ವ್ಯವಸ್ಥೆ ಹಾಕಿಕೊಂಡು ಕನ್ನಡ ಟೈಪ್ ಮಾಡುವವರು ಇದನ್ನು ಗಮನಿಸಿ. ಕಂಟ್ರೋಲ್+ಚುಕ್ಕೆ ವಿಎಸ್ ಕೋಡ್‌ನಲ್ಲಿ ತಪ್ಪಿಗೆ ತಿದ್ದುಪಡಿ ಸೂಚಿಸುವ 'ಕ್ವಿಕ್ ಫಿಕ್ಸ್'ಗೆ ಮೀಸಲು, ಆದರೆ ಐಬಸ್‌ನ ಹಲವು ಆವೃತ್ತಿಗಳು ಅದನ್ನೇ ಇಮೋಜಿಗೆ ಇಟ್ಟುಕೊಂಡಿವೆ. ಕೀ ಎಡಿಟರ್‌ಗೆ ತಲುಪುವ ಮುಂಚೆಯೇ ಐಬಸ್ ಹಿಡಿದುಬಿಡುವುದರಿಂದ ವಿಎಸ್ ಕೋಡ್ ಸೆಟ್ಟಿಂಗ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಐಬಸ್ ಪ್ರಿಫರೆನ್ಸಸ್‌ನ ಇಮೋಜಿ ಟ್ಯಾಬ್‌ನಲ್ಲಿ ಆ ಕೀ ಬದಲಿಸಿ. ಎರಡು ಎಕ್ಸ್‌ಟೆನ್ಷನ್‌ಗಳ ನಡುವಿನ ಜಗಳವಾದರೆ ಕಂಟ್ರೋಲ್+ಕೆ, ಕಂಟ್ರೋಲ್+ಎಸ್ ಒತ್ತಿ ಬರುವ ಪಟ್ಟಿಯಲ್ಲಿ ಆ ಕೀ ಹುಡುಕಿದರೆ ಯಾರ್ಯಾರು ಅದನ್ನು ಹಿಡಿದಿದ್ದಾರೆಂದು ಕಾಣುತ್ತದೆ.